ಗಾಳಿಗೆ ಎದುರಾಗಿ ಬರುವ ಮೋಡ

ಯುಗಾದಿ ಕಳೆದು ಅಶ್ವಿನಿ ಮಳೆ ಹೂಡುವ ಹೊತ್ತಿಗೆ ಸಂಗೊಳ್ಳಿಯ ಎರೆ ಹೊಲಗಳಲ್ಲಿ ನೋಡುವುದಕ್ಕೆ ಏನೂ ಉಳಿದಿಲ್ಲವೆನಿಸುತ್ತದೆ. ಬಿಳಿಜೋಳ ಕೊಯ್ದಾಗಿದೆ, ಕಡಲೆ ಕಿತ್ತಾಗಿದೆ, ಕಣಿಕೆ ಬಣವೆ ಏರಿದೆ. ನೆಲ ಬಾಯಿ ಬಿಟ್ಟಿದೆ. ಬಿರುಕಿಗೆ ಒಂದು ಜೋಳದ ದಂಟು ಇಳಿಸಿದರೆ ನನ್ನ ಮೊಣಕೈಯೂ ಅದರ ಹಿಂದೆ ಇಳಿಯುತ್ತದೆ. ಅಂಚಿನಲ್ಲಿ ಬೂದಿ ಬಣ್ಣ, ಒಂದು ಗೇಣು ಕೆಳಗೆ ಕಡುಗಪ್ಪು, ಅದಕ್ಕೂ ಕೆಳಗೆ ಮಂಕಾದ ಎಣ್ಣೆಹೊಳಪು. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಈ ಜೇಡಿಮಣ್ಣಿನ ಸ್ವಭಾವ. ಕುಗ್ಗುತ್ತ ಕುಗ್ಗುತ್ತ ಅದು ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗಿ ಬೇರೆಯಾಗುತ್ತದೆ. ಬಿಸಿಲೇರಿದರೆ ತಾಮ್ರಬಣ್ಣದ ಹಾವುರಾಣಿಯೊಂದು ಆ ಸಂದಿಯಲ್ಲಿ ಬಾಲದ ತುದಿಯನ್ನಷ್ಟೇ ಹೊರಗೆ ಬಿಟ್ಟು ಮಲಗಿರುತ್ತದೆ.

ಈ ಊರಿಗೆ ಬರುವವರು ಬ್ರಿಟಿಷರಿಗೆ ಎದುರು ನಿಂತ ರಾಯಣ್ಣನ ಊರನ್ನು ನೋಡಲು ಬರುತ್ತಾರೆ. ಅವನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇಲ್ಲಿಂದ ಪಡುವಣಕ್ಕೆ, ಕಾಡಿನ ಸೆರಗಿನಲ್ಲಿದೆ. ನಾನು ಬೇಸಿಗೆಯಲ್ಲಿ ಕಾಯುವ ಗಾಳಿಯೂ ಆ ದಿಕ್ಕಿನದೇ. ಅರಬ್ಬೀ ಸಮುದ್ರ ಇಲ್ಲಿಂದ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು. ಹಗಲೇರಿದಂತೆ ಸಮುದ್ರದ ತೇವದ ಗಾಳಿ ಸಹ್ಯಾದ್ರಿಯ ಏಣನ್ನು ಹತ್ತಿ, ಖಾನಾಪುರದ ಕಾಡು ದಾಟಿ, ಮಲಪ್ರಭೆಯ ಕಣಿವೆಗುಂಟ ಇತ್ತ ಹರಿಯುತ್ತದೆ. ಹೊಳೆಯ ದಾರಿಯೂ ಅದೇ. ಕಣಕುಂಬಿಯಲ್ಲಿ ಹುಟ್ಟಿ, ಮುಗುಟಖಾನ ಹುಬ್ಬಳ್ಳಿ ಮುಟ್ಟಿ, ನಮ್ಮೂರ ಮಗ್ಗುಲಲ್ಲಿ ಹಾದು, ಸವದತ್ತಿಯ ಮರಳುಗಲ್ಲಿನ ಗುಡ್ಡ ಸೀಳಿ ನವಿಲುತೀರ್ಥಕ್ಕೆ ಹೋಗುತ್ತದೆ. ಮೂಲದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಮಿಲಿಮೀಟರ್ ಸುರಿಯುವ ಮಳೆ ಸವದತ್ತಿ ತಲುಪುವಷ್ಟರಲ್ಲಿ ಕೆಲವು ನೂರಕ್ಕೆ ಇಳಿದಿರುತ್ತದೆ. ಸಂಗೊಳ್ಳಿ ಆ ಇಳಿಜಾರಿನ ನಟ್ಟನಡುವೆ ಇದೆ. ಮಲೆನಾಡಿನ ತೇವ ಇಲ್ಲಿ ಮೂಗಿಗೆ ಸಿಗುತ್ತದೆ, ಕೈಗೆ ಸಿಗುವುದಿಲ್ಲ.

ಗಾಳಿಯ ದಿಕ್ಕು ತಿಳಿಯಲು ನಾನು ನಂಬಿರುವುದು ಒಂದು ಟಿಟ್ಟಿಭವನ್ನು. ಹೊಳೆಗೆ ಹತ್ತಿರದ ಗರಸು ನೆಲದಲ್ಲಿ, ಗೂಡೆಂದು ಕರೆಯಲೂ ಆಗದ ಒಂದು ತಗ್ಗಿನಲ್ಲಿ, ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚಿಬ್ಬು, ಚೂಪಾದ ತುದಿ ನಾಲ್ಕೂ ಒಳಮುಖವಾಗಿ. ಹಕ್ಕಿಯ ತಲೆ, ಕತ್ತು, ಎದೆ ಕಪ್ಪು; ಬೆನ್ನು ಕಂಚುಗಂದು; ಕಣ್ಣಿನ ಮುಂದೆ ಕೆಂಪು ತೊಗಲಿನ ತುಣುಕು. ಹಕ್ಕಿ ಕಾವಿಗೆ ಕೂತಾಗ ಗಾಳಿಗೆ ಎದೆ ಕೊಟ್ಟೇ ಕೂರುತ್ತದೆ, ಗರಿ ಕೆದರಬಾರದಲ್ಲ. ಕೊಕ್ಕು ಎತ್ತಲೋ ಗಾಳಿ ಅತ್ತಲಿಂದ. ನಡುಹಗಲೆಲ್ಲ ಆ ಕೊಕ್ಕು ಪಡುವಣಕ್ಕೆ ನೆಟ್ಟಿರುತ್ತದೆ.

ಹನ್ನೆರಡರ ನಂತರ ಅದು ಕೂರುವುದಿಲ್ಲ, ನಿಲ್ಲುತ್ತದೆ. ಹಳದಿ ಕಾಲುಗಳನ್ನು ತುಸು ಮಡಿಸಿ, ರೆಕ್ಕೆಯನ್ನು ಮೈಯಿಂದ ಎರಡು ಬೆರಳಿನಷ್ಟು ಸಡಿಲಿಸಿ, ಮೊಟ್ಟೆಗಳ ಮೇಲೆ ತನ್ನ ನೆರಳನ್ನು ಹಿಡಿದು ನಿಲ್ಲುತ್ತದೆ. ಈ ಹೊತ್ತಿನಲ್ಲಿ ಕಾವೆಂದರೆ ಬಿಸಿ ಕೊಡುವುದಲ್ಲ, ಬಿಸಿ ತಡೆಯುವುದು. ಬಾಯಿ ತೆರೆದಿರುತ್ತದೆ, ಗಂಟಲ ತೊಗಲು ಒಂದೇ ಸಮನೆ ಅದುರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಜೋಡಿಹಕ್ಕಿ ಮಡುವಿನ ಕಡೆಯಿಂದ ಬರುತ್ತದೆ. ನೇರ ಬರುವುದಿಲ್ಲ, ದೂರದಲ್ಲಿ ಇಳಿದು, ನಾಲ್ಕು ಹೆಜ್ಜೆ ಓಡಿ, ನಿಂತು, ಏನೋ ಹೆಕ್ಕಿದ ನಟನೆ ಮಾಡಿ, ಮತ್ತೆ ಓಡಿ ಬರುತ್ತದೆ. ಹೊಟ್ಟೆಯ ಬಿಳಿ ಗರಿಗಳು ತೊಯ್ದು ಅಂಟಿಕೊಂಡಿರುತ್ತವೆ. ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹಿಂದೆ ಮುಂದೆ ತೂಗಿ, ಹೊಟ್ಟೆ ನೆನೆಸಿಕೊಂಡು ಬಂದ ಹಕ್ಕಿ ಅದು. ಮೊದಲನೆಯದು ಪಕ್ಕಕ್ಕೆ ಸರಿಯುತ್ತದೆ, ಎರಡನೆಯದು ಆ ತೇವವನ್ನು ಮೊಟ್ಟೆಗೆ ಒತ್ತಿ ಕೂರುತ್ತದೆ. ಗರಿ ಆರಿದ ಮೇಲೆ ಮತ್ತೆ ಪಾಳಿ ಬದಲು. ಮಡು ಬತ್ತುತ್ತ ದೂರವಾದಷ್ಟೂ ಪಾಳಿಯ ಅಂತರ ಹಿಗ್ಗುತ್ತದೆ.

ಆಕಾಶದ ಕೆಲಸ ಹನ್ನೊಂದಕ್ಕೇ ಶುರುವಾಗಿರುತ್ತದೆ. ಮೊದಲು ಹಿಂಜಿದ ಚಿಂದಿಗಳು, ಬುಡ ಮಟ್ಟಸ, ನೆತ್ತಿ ಉಬ್ಬು, ಹುಟ್ಟುತ್ತವೆ, ಕರಗುತ್ತವೆ. ಒಂದು ಗಂಟೆಯ ಹೊತ್ತಿಗೆ ಕರಗುವುದನ್ನು ಮರೆತ ಒಂದೆರಡು ಉಳಿದುಕೊಳ್ಳುತ್ತವೆ. ಎರಡೂವರೆಗೆ ಮೂಡಣದಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲಿನ ಬಾನಿನಲ್ಲಿ, ಒಂದು ಮೋಡ ಎದ್ದು ನಿಲ್ಲುತ್ತದೆ. ನೀರು ಹೊಯ್ದ ಸುಣ್ಣದ ಕಲ್ಲು ಅರಳುವಂತೆ ಅದರ ನೆತ್ತಿ ಒಳಗಿನಿಂದ ಒಳಗಿನಿಂದ ಬಿರಿದು ಏಳುತ್ತದೆ. ದಿಟ್ಟಿಸಿ ನೋಡಿದರೆ ಚಲನೆ ಕಾಣುವುದಿಲ್ಲ. ನಾನು ಕೂತ ಬೇವಿನ ಮರದ ಟೊಂಗೆಯೊಂದನ್ನು ಗುರುತಿಟ್ಟುಕೊಂಡು ಕಣ್ಣು ಮುಚ್ಚಿ ತೆರೆದರೆ ಟೊಂಗೆಯನ್ನು ದಾಟಿರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಏರಿದ ಮೇಲೆ ಇನ್ನು ಮೇಲೆ ದಾರಿ ಇಲ್ಲದೆ ನೆತ್ತಿ ಅಡ್ಡಕ್ಕೆ ಹರಡುತ್ತದೆ. ಅಲ್ಲಿ ಅದು ಮೋಡವಲ್ಲ, ಹಿಮದ ಹರಳುಗಳ ಪರದೆ. ಅಂಚು ನಾರುನಾರಾಗಿ, ಕೆನೆಬಿಳಿಯಾಗಿ ಸೂರ್ಯನತ್ತ ಚಾಚುತ್ತದೆ. ಬುಡ ಸೀಸದ ಬಣ್ಣಕ್ಕೆ ತಿರುಗಿರುತ್ತದೆ.

ಗಾಳಿ ಇನ್ನೂ ಪಡುವಣದ್ದೇ. ಜೋಳದ ಕೂಳೆಗೆ ಸಿಕ್ಕ ಒಣ ರವದಿ ಮೂಡಣಕ್ಕೇ ಹಾರುತ್ತಿರುತ್ತದೆ. ಮೋಡ ಮಾತ್ರ ಆ ಗಾಳಿಗೆ ಎದುರಾಗಿ ನಮ್ಮತ್ತ ಬರುತ್ತಿರುತ್ತದೆ. ಎಲ್ಲ ದಿನವೂ ಹೀಗಲ್ಲ, ಕೆಲವು ದಿನ ಖಾನಾಪುರದ ಕಡೆಯಿಂದಲೇ ಏಳುತ್ತದೆ. ಆದರೆ ನನ್ನನ್ನು ಈ ಬೇವಿನ ಬುಡದಲ್ಲಿ ಮತ್ತೆ ಮತ್ತೆ ಕೂರಿಸಿದ್ದು ಎದುರುಗಾಳಿಯ ಮೋಡವೇ. ಅದನ್ನು ನೂಕುವುದು ನಮ್ಮ ಮೈಗೆ ತಾಗುವ ಗಾಳಿಯಲ್ಲ, ಕೆಲವು ಕಿಲೋಮೀಟರ್ ಮೇಲೆ ಬೇರೆಯೇ ದಿಕ್ಕಿನಲ್ಲಿ ಬೀಸುವ ಗಾಳಿ. ನಮ್ಮ ಮೈಗೆ ತಾಗುವುದು ಅದರ ಆಹಾರ. ಸಮುದ್ರದಿಂದ ಬಂದ ತೇವವನ್ನು ಮೋಡ ತನ್ನ ಬುಡದಿಂದ ಒಳಗೆಳೆದು, ಮೇಲೆ ನೀರಾಗಿಸಿ, ಹೆಪ್ಪುಗಟ್ಟಿಸಿ, ಆ ಬಿಸುಪಿನಿಂದಲೇ ಮತ್ತಷ್ಟು ಏರುತ್ತದೆ. ಎರಡು ಗಾಳಿ ಒಂದರ ಮೇಲೊಂದು ಹೀಗೆ ತದ್ವಿರುದ್ಧ ಹರಿಯುವುದನ್ನು ಉಪಕರಣವಿಲ್ಲದೆ ನೋಡಬೇಕೆಂದರೆ ಗಿಡುಗಗಳನ್ನು ನೋಡಬೇಕು. ರೆಕ್ಕೆ ಬಡಿಯದೆ, ಬಾಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತ, ಅವು ಮೋಡದ ಮುಂಬದಿಯ ಏರುಗಾಳಿಗೆ ಮೈಯೊಡ್ಡಿ ಸುತ್ತುತ್ತವೆ. ಒಂದು ಎತ್ತರದವರೆಗೆ ಅವುಗಳ ಸುತ್ತು ಮೂಡಣಕ್ಕೆ ಜಾರುತ್ತದೆ. ಅದನ್ನು ದಾಟಿದ ಗಿಡುಗ ಅದೇ ಸುತ್ತಿನಲ್ಲಿ ಪಡುವಣಕ್ಕೆ ಜಾರತೊಡಗುತ್ತದೆ. ಅವಕ್ಕೂ ಮೇಲೆ, ಎಣಿಸಲಾಗದ ಚುಕ್ಕಿಗಳು, ಬಾನಾಡಿಗಳು. ಗಾಳಿ ಎತ್ತಿಕೊಟ್ಟ ಹುಳುಗಳನ್ನು ಕುಡುಗೋಲಿನ ಬಾಗಿನ ರೆಕ್ಕೆಯಲ್ಲಿ ಕತ್ತರಿಸುತ್ತ ತಿರುಗುತ್ತವೆ.

ಆಮೇಲೆ ಗಾಳಿ ನಿಲ್ಲುತ್ತದೆ. ಕಡಿಮೆಯಾಗುವುದಲ್ಲ, ನಿಲ್ಲುತ್ತದೆ. ಅರಳಿ ಎಲೆಯ ಬಾಲವೂ ಅಲುಗುವುದಿಲ್ಲ. ಗೌಜಲಹಕ್ಕಿ ಕೂಗನ್ನು ನಡುವೆಯೇ ಬಿಡುತ್ತದೆ. ಬೆಳಕು ಹಳದಿಗೆ ಹೊರಳಿ, ಜೋಳದ ಕೂಳೆ ಅರಿಷಿಣವಾಗಿ, ಹೊಳೆಯಾಚೆಯ ಕಬ್ಬು ಕಪ್ಪುಹಸಿರಾಗಿ ಕಾಣುತ್ತದೆ. ಕುರಿ ಕಾಯುವ ಹಿರಿಯರೊಬ್ಬರು ಇಂಥ ಹೊತ್ತಿನಲ್ಲಿ ಕಂಬಳಿ ಕೊಪ್ಪೆ ಮಾಡಿಕೊಳ್ಳುತ್ತ ಹೇಳಿದ್ದರು: “ಇಷ್ಟೊತ್ತು ಬೀಸಿದ್ದು ನಮ್ಮ ಗಾಳಿರಿ. ಇನ್ನ ಬರೂದು ಮಳಿ ಗಾಳಿ. ಗಿಡದ ಬುಡಕ ಕುಂದರಬ್ಯಾಡ್ರಿ, ಏಳ್ರಿ ಮ್ಯಾಲ.” ಇದಕ್ಕಿಂತ ಚೆನ್ನಾಗಿ ಇದನ್ನು ಹೇಳಿದ ಹವಾಮಾನದ ಪುಸ್ತಕ ನಾನು ಓದಿಲ್ಲ. ಮೋಡದಿಂದ ಬೀಳುವ ಹನಿ ಒಣಗಾಳಿಯಲ್ಲಿ ಅರ್ಧ ಆವಿಯಾಗಿ ಆ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಭಾರವಾಗಿ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಮಳೆ ಗಾಳಿ ಎಂದರೆ ಅದು.

ಮೊದಲು ಕಾಣುವುದು ಧೂಳು. ಬೈಲಹೊಂಗಲದ ಕಡೆಯ ಮಸಾರಿ ನೆಲದ ಧೂಳು ಇಟ್ಟಿಗೆಗೆಂಪು, ಹೊಳೆಸಾಲಿನ ಎರೆಯ ಧೂಳು ಬೂದಿ. ಎರಡೂ ಕಲೆಯದೆ ಪಟ್ಟೆಪಟ್ಟೆಯಾಗಿ ಎದ್ದು ಬರುತ್ತವೆ. ಅದರ ಹಿಂದೆಯೇ ವಾಸನೆ. ಇಲ್ಲಿ ಹನಿ ಬಿದ್ದಿಲ್ಲ, ಮುನವಳ್ಳಿಯಲ್ಲೋ ಯರಗಟ್ಟಿಯಲ್ಲೋ ತೊಯ್ದ ಮಣ್ಣಿನ ವಾಸನೆಯನ್ನು ಮಳೆ ಗಾಳಿ ಹೊತ್ತು ತಂದಿರುತ್ತದೆ. ಒಣ ಮಣ್ಣಿನಲ್ಲಿ ಬದುಕುವ ಸೂಕ್ಷ್ಮಾಣುಗಳು ಹೆತ್ತ ಜಿಯೋಸ್ಮಿನ್ ಎಂಬ ರಸಾಯನ ಈ ವಾಸನೆಯ ಮುಖ್ಯ ಪಾಲು. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಮಳೆಯ ವಾಸನೆಯ ಎಣ್ಣೆಯನ್ನು ಒಣಕಲ್ಲಿನಿಂದ ಬಟ್ಟಿಯಿಳಿಸಿದ್ದನ್ನು ಬರೆದರು. ಕನೌಜಿನ ಅತ್ತರಿನವರು ಅದಕ್ಕೂ ಮೊದಲೇ ಸುಟ್ಟ ಮಣ್ಣಿನಿಂದ ಅದನ್ನು ಇಳಿಸಿ ಸೀಸೆಗೆ ತುಂಬುತ್ತಿದ್ದರು.

ಧೂಳು ಕಂಡ ಗಳಿಗೆಯಲ್ಲಿ ನಾನು ಮೋಡವನ್ನು ಬಿಟ್ಟು ಟಿಟ್ಟಿಭವನ್ನು ನೋಡುತ್ತೇನೆ. ಹಕ್ಕಿ ಏಳುತ್ತದೆ. ಮೊಟ್ಟೆಯ ಮೇಲೆಯೇ, ಒಂದೊಂದೇ ಕಾಲನ್ನು ಎತ್ತಿ ಇಡುತ್ತ, ಅರ್ಧ ಸುತ್ತು ತಿರುಗುತ್ತದೆ. ಪಡುವಣಕ್ಕಿದ್ದ ಕೊಕ್ಕು ಮೂಡಣಕ್ಕೆ ಬರುತ್ತದೆ. ಎದೆಯ ಗರಿ ಬಿಡಿಸಿ ಮೊಟ್ಟೆಗಳನ್ನು ಒಳಗೆ ಸರಿಸಿಕೊಂಡು, ಕತ್ತು ಹೆಗಲಲ್ಲಿ ಹುದುಗಿಸಿ, ನೆಲಕ್ಕೆ ಮೈ ಒತ್ತುತ್ತದೆ. ಇಷ್ಟೂ ಆಗುವವರೆಗೆ ನನ್ನ ಕೆನ್ನೆಗೆ ಗಾಳಿ ತಾಗಿರುವುದಿಲ್ಲ. ಹಕ್ಕಿಗೆ ಹೇಗೆ ತಿಳಿಯುತ್ತದೆಂದು ಊಹಿಸುವುದನ್ನು ಬಿಟ್ಟಿದ್ದೇನೆ, ತಿರುಗುತ್ತದೆ, ನೋಡಿದ್ದೇನೆ.

ಹನಿಗಳು ದೊಡ್ಡವು, ಬಿಡಿಬಿಡಿ. ಹೆಂಟೆಯ ಮೇಲೆ ಬಿದ್ದದ್ದು ಧೂಳಿನ ಗುಂಡಿ ತೋಡಿ ಕಪ್ಪಗಾಗುತ್ತದೆ, ಎಣಿಸುವಷ್ಟರಲ್ಲಿ ಆರುತ್ತದೆ. ಬಿರುಕಿಗೆ ಬಿದ್ದದ್ದರ ಸದ್ದು ಬೇರೆ. ಟಪ್ಪೆನ್ನುವುದಿಲ್ಲ, ಒಳಗೆಲ್ಲೋ ತಡವಾಗಿ ಕೇಳುತ್ತದೆ. ಆಮೇಲೆ ಹನಿ ಎಳೆಯಾಗುತ್ತದೆ, ಎಳೆ ಗೋಡೆಯಾಗುತ್ತದೆ. ಕೆಲವು ಸಲ ಆಣೆಕಲ್ಲು. ಒಡೆದು ನೋಡಿದರೆ ಒಂದು ಪದರ ಹಾಲುಬಿಳಿ, ಒಂದು ಪದರ ತಿಳಿ. ಮೋಡದೊಳಗೆ ಬೇರೆ ಬೇರೆ ತೇವದ ಪದರಗಳನ್ನು ಹಾದು ಬೆಳೆದ ಗುರುತು. ಮಾವಿನ ತೋಟದವರಿಗೆ ಈ ಅಂದ ಬೇಡ. ಒಂದು ಗಳಿಗೆಯ ಆಣೆಕಲ್ಲಿಗೆ ವರ್ಷದ ಕಾಯಿ ನೆಲದ ಮೇಲೆ. ಬಣವೆಯ ಮೇಲೆ ತಾಡಪತ್ರಿ ಎಳೆಯುವವರ ಕೂಗೂ ಗುಡುಗಿನಲ್ಲಿ ಹರಿದು ಹೋಗುತ್ತದೆ.

ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತನ್ನು ಎಣಿಸುವುದು ಹಳೆಯ ಅಭ್ಯಾಸ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಆರಕ್ಕೆ ಬಂತೆಂದರೆ ಎರಡೇ ಕಿಲೋಮೀಟರ್. ನಿಜವಾಗಿ, ಗುಡುಗು ಕಿವಿಗೆ ಬಿದ್ದಾಗಲೇ ಹೊಲ ಬಿಡಬೇಕು. ಈಗ ‘ಸಿಡಿಲು’, ‘ದಾಮಿನಿ’ ಎಂಬ ಆ್ಯಪ್‌ಗಳು ಮೊಬೈಲಿನಲ್ಲೇ ಎಚ್ಚರಿಕೆ ಕೊಡುತ್ತವೆ. ಆದರೂ ಬೇಸಿಗೆಯ ಮಳೆಯಲ್ಲಿ ಗಿಡದಡಿ ನಿಂತವರು, ದನ ಹೊಡೆದುಕೊಂಡು ಬರುವವರು ಸಿಡಿಲಿಗೆ ಸಿಗುತ್ತಲೇ ಇದ್ದಾರೆ. ಕುರಿಗಾಹಿಯ ಮಾತಿನ ನಂತರ ನಾನು ಬೇವಿನ ಬುಡವನ್ನು ಬಿಸಿಲಿಗಷ್ಟೇ ಇಟ್ಟುಕೊಂಡಿದ್ದೇನೆ. ಗಾಳಿ ನಿಂತೊಡನೆ ಎದ್ದು, ತುಸು ದೂರದ ಪಕ್ಕಾ ಮನೆಯ ಕಿಟಕಿಯಿಂದ ದುರ್ಬೀನಿನಲ್ಲಿ ಉಳಿದದ್ದನ್ನು ನೋಡುತ್ತೇನೆ.

ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ತಣಿದ ಗಾಳಿ ತನ್ನ ಮೋಡದ ಬುಡವನ್ನೇ ಕತ್ತರಿಸುತ್ತದೆ. ಒಳಗೆ ಹೋಗಬೇಕಾದ ಬಿಸಿ ತೇವ ನಿಂತು ಮೋಡ ಸಾಯುತ್ತದೆ. ಹೊಲದಲ್ಲಿ ನೀರು ನಿಂತಿರುವುದಿಲ್ಲ. ಅಷ್ಟೂ ಬಿರುಕಿನೊಳಗೆ ಇಳಿದಿರುತ್ತದೆ. ಸಂಜೆ ಬದುವಿನ ಹುತ್ತದ ಸೀಳುಗಳಿಂದ ಈಸಲು ಏಳುತ್ತವೆ, ತಿಳಿಗಂದು ರೆಕ್ಕೆ ನಾಲ್ಕೂ ಒಂದೇ ಅಳತೆ. ಕಾಜಾಣ ತಂತಿಯಿಂದ ಜಿಗಿದು ಒಂದನ್ನು ಕಚ್ಚಿ ಅದೇ ತಂತಿಗೆ ಮರಳುತ್ತದೆ. ಕಳ್ಳಿಪೀರ ಹಿಡಿದದ್ದನ್ನು ಟೊಂಗೆಗೆ ಬಡಿದು ಮೆತ್ತಗೆ ಮಾಡಿ ಹೊಳೆದಂಡೆಯ ಬಿಲದೊಳಗಿನ ಮರಿಗಳಿಗೆ ಒಯ್ಯುತ್ತದೆ. ಟಿಟ್ಟಿಭದ ಕೊಕ್ಕು ಮತ್ತೆ ಪಡುವಣಕ್ಕೆ.

ಇಂಥ ಎರಡು ಮಳೆಯಾದರೆ ಬಿರುಕಿನ ತುಟಿಗಳು ಉಬ್ಬಿ ಕೂಡುತ್ತವೆ. ರೈತರು ಹಿಡಿ ಮಣ್ಣು ಒತ್ತಿ ನೋಡಿ ಹದವಾಯಿತೆಂದು ಹರಗಲು ಇಳಿಯುತ್ತಾರೆ. ಭರಣಿ, ಕೃತ್ತಿಕೆ ಹೀಗೇ ಸಾಗುತ್ತವೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಮಾತು ಕಟ್ಟೆಯ ಮೇಲೆ ವರ್ಷ ವರ್ಷವೂ ಎದ್ದು ಬರುತ್ತದೆ, ಮುಂಗಾರಿಗೆ ಈಗ ಸೋಯಾ ಬಿತ್ತುವವರೂ ಅದನ್ನೇ ಹೇಳುತ್ತಾರೆ.

ಮಿರಗ, ಅಂದರೆ ಮೃಗಶಿರಾ ಮಳೆ, ಹೂಡಿದ ಮೇಲೆ ಆಟ ಬದಲು. ಕಡುಗೆಂಪು ಮಖಮಲ್ಲಿನ ಮಿರಗದ ಹುಳ ಸಾಲಿನ ನಡುವೆ ನಡೆಯುತ್ತದೆ. ಈಗ ಮೋಡಗಳಿಗೆ ನೆತ್ತಿಯಿಲ್ಲ. ತಗ್ಗಾಗಿ, ಬೂದುಬಣ್ಣದಲ್ಲಿ, ಪಡುವಣದ ಗಾಳಿಯ ಜೊತೆಗೇ ಪಡುವಣದಿಂದ ಬರುತ್ತವೆ. ಗುಡುಗು ಅಪರೂಪ, ಮಳೆ ಜಿಟಿಜಿಟಿ. ಗಿಡುಗಗಳು ಎತ್ತರಕ್ಕೆ ಏರುವುದಿಲ್ಲ, ಏರುಗಾಳಿ ಇಲ್ಲ. ಇಲ್ಲಿ ಒಂದು ಹನಿ ಬೀಳದ ದಿನವೂ ಮಲಪ್ರಭೆ ಕೆಂಪುಗಂದಾಗಿ ಏರುತ್ತದೆ. ಆ ನೀರು ಸಂಗೊಳ್ಳಿಯದಲ್ಲ, ಖಾನಾಪುರದ ಕಾಡಿನದು. ಹೊಳೆ ಏರುವುದರೊಳಗೆ ಟಿಟ್ಟಿಭದ ಮರಿಗಳು ದಂಡೆ ಬಿಟ್ಟು, ಬಿತ್ತಿದ ಹೊಲದ ಸಾಲುಗಳಲ್ಲಿ ಓಡಾಡುತ್ತಿರುತ್ತವೆ.