ಜೇಬು ಖಾಲಿಯಾದರೇನು, ಮೈಸೂರು ಖಾಲಿಯೇ?

"ರೀ, ಭಾನುವಾರವಾದ್ರೂ ಮಕ್ಕಳನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ಬಾರ್ದಾ?"

"ಹೊಸ್ತಿಲು ದಾಟಿದ್ರೆ ಐನೂರರ ನೋಟು ಗುಳುಂ ಕಣೇ. ತಿಂಗಳ ಕೊನೆ ಬೇರೆ!"

ಮೈಸೂರಿನ ಎಷ್ಟೋ ಮನೆಗಳಲ್ಲಿ ವಾರಕ್ಕೊಮ್ಮೆ ನಡೆಯುವ ಮಾತುಕತೆ ಇದು. ಯಜಮಾನರು ಹೇಳುವುದು ಸುಳ್ಳಲ್ಲ. ಸಿನಿಮಾ, ಹೋಟೆಲು, ಮೃಗಾಲಯ ಎಲ್ಲಕ್ಕೂ ದುಡ್ಡು ಬೇಕು. ಆದರೆ ಕಾಸು ಬಿಚ್ಚದೆ ನೋಡುವಂಥದ್ದು ಈ ಊರಲ್ಲಿ ಎಷ್ಟಿದೆ ಎಂಬುದನ್ನು ಊರಿನವರೇ ಮರೆತಂತಿದೆ.

ಮೊದಲು ಬಸ್ಸಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಚಾರ್ಜಿಲ್ಲ. ಯಜಮಾನರು ತಮ್ಮ ಟಿಕೆಟ್ಟಿಗೆ ಚಿಲ್ಲರೆ ಇಟ್ಟುಕೊಂಡರಾಯ್ತು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಅರಮನೆ ಎದುರಿಗೇ ಇದೆ.

ದೀಪಕ್ಕೆ ಟಿಕೆಟ್ ಇಲ್ಲ

ಹಗಲು ಅರಮನೆಯೊಳಗೆ ಹೋಗಲು ಟಿಕೆಟ್ ಬೇಕು, ನಿಜ. ಆದರೆ ಭಾನುವಾರ, ಸರ್ಕಾರಿ ರಜಾ ದಿನಗಳ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವಲ್ಲ, ಅದಕ್ಕೆ ಯಾರೂ ಕಾಸು ಕೇಳುವುದಿಲ್ಲ. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋದ ಮೇಲೆ 1912ರ ಹೊತ್ತಿಗೆ ಎದ್ದು ನಿಂತ ಕಟ್ಟಡ ಇದು. ಆ ಕಾಲಕ್ಕೇ 41 ಲಕ್ಷ ರೂಪಾಯಿಗೂ ಮಿಕ್ಕಿ ತಗುಲಿತ್ತು. ಬಿಲ್ಲು ಅಂದೇ ಚುಕ್ತಾ ಆಗಿದೆ. ನಾವು ನಿಂತು ನೋಡಿದರೆ ಸಾಕು.

ಬೆಳಿಗ್ಗೆ ಏಳುವವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಸುಮಾರು 700ನೇ ಮೆಟ್ಟಿಲ ಬಳಿ ಒಂದೇ ಕಲ್ಲಿನ ನಂದಿ ಕೂತಿದೆ. ಕಾಲು ನೋವೇ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಕುವೆಂಪು ಸುತ್ತಾಡಿದ ದಾರಿ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿ ನೀರಿಗಿಳಿಯುವುದನ್ನು ಕಂಡ ಹುಡುಗರು ಐಸ್‌ಕ್ರೀಮು ಮರೆತಾರು.

ಸಂಗೀತವೂ ಪುಕ್ಕಟೆ

ಗಣಪತಿ ಹಬ್ಬ ಬಂತೆಂದರೆ ಒಂಟಿಕೊಪ್ಪಲಿನ 8ನೇ ಕ್ರಾಸಿನಲ್ಲಿ ಪೆಂಡಾಲ್ ಏಳುತ್ತದೆ. ಮದ್ರಾಸಿನಲ್ಲಿ ದುಡ್ಡು ಕೊಟ್ಟು ಕೇಳಬೇಕಾದಂಥ ವಿದ್ವಾಂಸರು ಇಲ್ಲಿ ಬೀದಿಯಲ್ಲೇ ಹಾಡುತ್ತಾರೆ. ದಸರೆಗೆ ಮುಂಚೆ ಆನೆಗಳು ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮು ನಡೆಯುತ್ತವೆ. ಜಂಬೂಸವಾರಿ ದಿನ ಪಾಸಿಗಾಗಿ ಪರದಾಡುವವರು ಅಂದೇ ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡಬಹುದು.

ಪುಕ್ಕಟೆ ಅಂದ್ರೆ ಅಗ್ಗವೇ?

ಇಲ್ಲೇ ಇದೆ ತೊಡಕು. ಪುಕ್ಕಟೆ ಸಿಕ್ಕಿದ್ದರ ಬೆಲೆ ಗೊತ್ತಾಗುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಕೆಳಗೆ ಮಳೆಗೆ ನಿಂತವರೆಷ್ಟು, ತಲೆಯೆತ್ತಿ ನೋಡಿದವರೆಷ್ಟು? 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಕೆಡವಬೇಕೋ, ರಿಪೇರಿ ಮಾಡಬೇಕೋ ಎಂಬ ಜಗಳ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಅಲ್ಲಿಯ ವ್ಯಾಪಾರಿಗಳು ನೆತ್ತಿಯ ಮೇಲಿನ ಸೂರು ನೋಡುತ್ತಾ ತಕ್ಕಡಿ ಹಿಡಿಯುವಂತಾಯಿತು.

ಟಿಕೆಟ್ ಇರುವ ಜಾಗಕ್ಕೆ ಗಲ್ಲಾ ಉಂಟು, ಕಾವಲುಗಾರ ಉಂಟು. ಟಿಕೆಟ್ ಇಲ್ಲದ್ದಕ್ಕೆ ನೋಡುವ ಜನರೇ ಕಾವಲು. ಜನ ನೋಡುವುದು ಬಿಟ್ಟರೆ, ಗಾರೆ ಉದುರಿದಾಗ ಕೇಳುವವರೂ ಇರುವುದಿಲ್ಲ.

ಆದ್ದರಿಂದ ಈ ಭಾನುವಾರ ಅಂಗಡಿ ಷಟರ್ ಒಂದು ಗಂಟೆ ಮುಂಚೆ ಎಳೆಯಿರಿ. ಮನೆಯಿಂದಲೇ ಕಡಲೆಪುರಿ ಕಟ್ಟಿಕೊಳ್ಳಿ. ದೀಪ ಹತ್ತುವ ಮೊದಲು ಟೌನ್‌ಹಾಲ್ ಎದುರಿನ ದೊಡ್ಡ ಗಡಿಯಾರದ ಹತ್ತಿರ ಒಂದು ನಿಮಿಷ ನಿಲ್ಲಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ, 1927ರಲ್ಲಿ, ಅರಮನೆ ನೌಕರರು ಕಟ್ಟಿಸಿದ್ದು. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು.

ಗಂಟೆ ಎಷ್ಟೆಂದು ಮಗುವಿನ ಕೈಲಿ ಓದಿಸಿ.