ರಾಜನ ಹೆಸರಿಲ್ಲ, ಬರೆದವನ ಹೆಸರಿದೆ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಆಸುಪಾಸಿನಲ್ಲಿ ಅಶೋಕನ ಮೂರು ಶಾಸನಗಳಿವೆ ಅನ್ನೋದನ್ನ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ, ಒಂದು ಅಂಕದ ಪ್ರಶ್ನೆಗೆ ಬರೆದಿದ್ದೇವೆ, ಆಮೇಲೆ ಮರೆತಿದ್ದೇವೆ. ಸಿದ್ದಾಪುರದ್ದೇ ಒಂದು, ಪಕ್ಕದ ಬ್ರಹ್ಮಗಿರಿಯದು ಇನ್ನೊಂದು, ಜಟಿಂಗ ರಾಮೇಶ್ವರ ಬೆಟ್ಟದ್ದು ಮೂರನೆಯದು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಆದರೆ ಆ ಒಂದು ಅಂಕದ ಉತ್ತರದಲ್ಲಿ ಬರದೇ ಹೋದ ಸಂಗತಿ ಒಂದಿದೆ. ಈ ಮೂರು ಬಂಡೆಗಳಲ್ಲಿ ಎಲ್ಲಿಯೂ 'ಅಶೋಕ' ಎಂಬ ಹೆಸರೇ ಇಲ್ಲ! ಇರುವುದು 'ದೇವಾನಾಂಪ್ರಿಯ', ಅಂದರೆ ದೇವರಿಗೆ ಪ್ರಿಯನಾದವನು ಎಂಬ ಬಿರುದು ಅಷ್ಟೆ. ಆ ಬಿರುದಿನ ರಾಜ ಅಶೋಕನೇ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. (ನಮ್ಮ ಕುಲದವರು, ಒಂದು ಚಪ್ಪಾಳೆ ಇರಲಿ.)

ರಾಜನ ಹೆಸರಿಲ್ಲದ ಈ ಶಾಸನದಲ್ಲಿ ಬರೆದವನ ಹೆಸರು ಮಾತ್ರ ಇದೆ. ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ ಅದು ಸ್ಪಷ್ಟವಾಗಿಯೇ ಕಾಣುತ್ತದೆ: ಚಪಡ. ಇಡೀ ಶಾಸನ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ತನ್ನ ವೃತ್ತಿಯನ್ನು ಹೇಳುವ 'ಲಿಪಿಕಾರ' ಎಂಬ ಮಾತನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ನಡೆಯುತ್ತಿದ್ದದ್ದು ಗಾಂಧಾರದ ಕಡೆ, ಅಂದರೆ ಇವತ್ತಿನ ಪಾಕಿಸ್ತಾನ-ಅಫ್ಘಾನಿಸ್ತಾನದ ಗಡಿಭಾಗದಲ್ಲಿ. ಹಾಗಾಗಿ ಇವನು ಆ ಕಡೆಯವನೋ, ಅಲ್ಲಿ ವಿದ್ಯೆ ಕಲಿತವನೋ ಇರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಒಂದು ಹೆಸರು, ಒಂದು ಕಸುಬು, ಒಂದು ಸುಳಿವು. ಇಷ್ಟಿದ್ದದ್ದಕ್ಕೆ 22 ಶತಮಾನ ಕಳೆದ ಮೇಲೂ ಆ ಮನುಷ್ಯ ನಮಗೆ ಸಿಗುತ್ತಾನೆ.

ಕಲಾ ಗ್ರಂಥಾಲಯ ಅಂದರೇನು ಅಂತ ಬರೆಯಲು ಹೊರಟ ನಾವು ಶಾಸನದಿಂದ ಶುರುಮಾಡಿದ್ದು ಇದಕ್ಕೇ. ಚಪಡ ತಾನೇ ಮಾಡಿಕೊಂಡ ಆ ಕೆಲಸವನ್ನು ಬೇರೆಯವರ ಪರವಾಗಿ ಮಾಡುವ ಜಾಗವೇ ಕಲಾ ಗ್ರಂಥಾಲಯ. ಯಾರು ಮಾಡಿದ್ದು, ಎಲ್ಲಿ, ಯಾವಾಗ, ಹೇಗೆ ಎಂಬುದು ಕೃತಿಯಿಂದ ಕಳಚಿ ಬೀಳದ ಹಾಗೆ ನೋಡಿಕೊಳ್ಳುವುದು.

ಚಿತ್ರಕಲೆಯ ದಪ್ಪ ದಪ್ಪ ಪುಸ್ತಕಗಳ ಕಪಾಟು ಅಂದುಕೊಂಡಿದ್ದರೆ ಅದು ಅರ್ಧ ಸತ್ಯ. ಮ್ಯೂಸಿಯಂ ಕೃತಿಯನ್ನೇ ಗಾಜಿನ ಹಿಂದೆ ಇಡುತ್ತದೆ. ಗ್ರಂಥಾಲಯ ಕೃತಿಯ ಸುತ್ತಲಿನ ಕಾಗದಪತ್ರಗಳನ್ನು ನಿಮ್ಮ ಕೈಗೇ ಕೊಡುತ್ತದೆ. ಪ್ರದರ್ಶನದ ಕ್ಯಾಟಲಾಗ್, ಕಲಾವಿದರ ಪತ್ರ, ಕರಡು ಚಿತ್ರ, ಫೋಟೊ, ಧ್ವನಿಮುದ್ರಣ, ಪತ್ರಿಕೆಯ ತುಣುಕು, ಉದ್ಘಾಟನೆಯ ಆಮಂತ್ರಣ ಪತ್ರಿಕೆ ಎಲ್ಲವೂ ಅಲ್ಲಿರುತ್ತವೆ. ದೊಡ್ಡ ಕಲಾ ಗ್ರಂಥಾಲಯಗಳಲ್ಲಿ ಒಬ್ಬೊಬ್ಬ ಕಲಾವಿದರಿಗೂ ಒಂದೊಂದು ಫೈಲು. ನೋಡಲು ಸಾಧಾರಣ ರಟ್ಟಿನ ಫೈಲು, ಆದರೆ ಬೆಲೆ ಅದಕ್ಕೇ. ಯಾಕಂದ್ರೆ ಪುಸ್ತಕ ಬರುವುದು ಹೆಸರು ಮಾಡಿದವರ ಮೇಲೆ. ಹೆಸರು ಮಾಡುವ ಮೊದಲಿನ ಇಪ್ಪತ್ತು ವರ್ಷ ಇರುವುದು ಆಮಂತ್ರಣ ಪತ್ರಿಕೆಗಳಲ್ಲಿ. 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಪ್ರತಿ ಹೊಸ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಒಂದು ಹಾಳೆಯ ಆಮಂತ್ರಣವನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಮರುದಿನ ಅದು ರದ್ದಿ. ಯಾರೋ ಒಬ್ಬರು ಬೇಕಂತಲೇ ಎತ್ತಿಟ್ಟುಕೊಂಡರೆ ಮಾತ್ರ ಉಳಿಯುತ್ತದೆ.

ಹಾಗಾದರೆ ಸಂಗ್ರಹ ಬೆಳೆಯುವುದು ಹೇಗೆ? ಕೊಂಡುಕೊಳ್ಳುವುದು ಒಂದು ದಾರಿ, ನಿಜ, ಆದರೆ ದುಡ್ಡು ಯಾವ ಗ್ರಂಥಾಲಯದಲ್ಲೂ ಸಾಲುವುದಿಲ್ಲ. ಸಂಸ್ಥೆಗಳು ತಂತಮ್ಮ ಕ್ಯಾಟಲಾಗುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಕಲಾವಿದರು ತೀರಿಕೊಂಡ ಮೇಲೆ ಮನೆಯವರು ಪೆಟ್ಟಿಗೆಗಳನ್ನು ತಂದುಕೊಡುತ್ತಾರೆ. ಇನ್ನು ಕೆಲವರು ಊರೂರು ಅಲೆದು ತರುತ್ತಾರೆ. ಕರ್ನಾಟಕದಲ್ಲಿ ಗಟ್ಟಿಯಾಗಿ ನಡೆದದ್ದು ಈ ಕೊನೆಯದ್ದೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಸಂಗ್ರಹ ಇದ್ದರೆ ಅದು ಎಂ.ಎಸ್. ನಂಜುಂಡರಾವ್ ಹಳ್ಳಿಗಳನ್ನು ಸುತ್ತಿದ್ದರಿಂದ. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ದುಡಿದವರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಒಬ್ಬರು. ಅವರು ಚಿತ್ರದುರ್ಗ ಜಿಲ್ಲೆಯವರೇ. ರಾಮನಗರದ ಜಾನಪದ ಲೋಕ ಎಚ್.ಎಲ್. ನಾಗೇಗೌಡರ ಹಟದಿಂದ ಎದ್ದು ನಿಂತದ್ದು.

ಅಲೆದು ತರುವುದು ಅಂದ ಮೇಲೆ ಮತ್ತೆ ಸಿದ್ದಾಪುರಕ್ಕೆ ಬರಲೇಬೇಕು. ಬಂಡೆಯನ್ನು ಹೊತ್ತು ತರಲು ಆಗುವುದಿಲ್ಲವಲ್ಲ! ಶಾಸನತಜ್ಞರು ಮಾಡುವುದು ಪಡಿಯಚ್ಚು. ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಮಾಡಿದ ಕಾಗದ ಹರಡಿ, ಬ್ರಷ್‌ನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಗಳ ಒಳಗೆ ಇಳಿಯುತ್ತದೆ. ಮೇಲೆ ಮಸಿಯ ಉಂಡೆ ಒತ್ತಿದರೆ ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅಳತೆ ಒಂದಕ್ಕೊಂದು, ಖರ್ಚು ಕಡಿಮೆ, ಕರೆಂಟು ಬೇಡ. ರೈಸ್ ಮತ್ತು ಅವರ ಸಿಬ್ಬಂದಿ ಹೀಗೆ ಕಲೆಹಾಕಿದ ಸುಮಾರು 9000 ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕ'ದ 12 ಸಂಪುಟಗಳಾದವು. ಆ ಸಂಪುಟಗಳ ಜೋಡಣೆಯನ್ನು ಗಮನಿಸಿ. ತಾಲ್ಲೂಕಿನ ಹೆಸರು, ಅದರ ಕೆಳಗೆ ಕ್ರಮಸಂಖ್ಯೆ. ಈ ಅಕ್ಷರ ಯಾವ ಊರಿನ ಯಾವ ಕಲ್ಲಿನದು ಎಂಬುದು ಎಂದೂ ತಪ್ಪಿಹೋಗುವುದಿಲ್ಲ. ಗ್ರಂಥಾಲಯದ ಭಾಷೆಯಲ್ಲಿ ಇದೇ ಪರಿಗ್ರಹಣ ಸಂಖ್ಯೆ. ನಮ್ಮ ಭಾಷೆಯಲ್ಲಿ ಪ್ರೈಮರಿ ಕೀ.

ನಕಲು ಯಾಕೆ ಬೇಕು, ಮೂಲ ಅಲ್ಲೇ ಇದೆಯಲ್ಲ ಅನ್ನುವವರಿಗೆ ಜಟಿಂಗ ರಾಮೇಶ್ವರದ ಬಂಡೆ ಉತ್ತರ ಕೊಡುತ್ತದೆ. ಬ್ರಹ್ಮಗಿರಿಯ ಬಂಡೆಗೆ ಜನ 'ಅಕ್ಷರ ಗುಂಡು' ಅಂದರೆ, ಜಟಿಂಗ ರಾಮೇಶ್ವರದ್ದಕ್ಕೆ 'ಬಳೆಗಾರ ಗುಂಡು' ಅನ್ನುತ್ತಿದ್ದರು. ಜಾತ್ರೆಗೆ ಬರುವ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿನ ಅಕ್ಷರಗಳು ತೀರಾ ಸವೆದಿವೆ. ಬಳೆಗಾರರನ್ನು ಬೈಯಬೇಕಿಲ್ಲ. ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವತ್ತು ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಆಳದ ವ್ಯತ್ಯಾಸ ಲೆಕ್ಕಹಾಕಿ ಓದಬಹುದು. ಪ್ರಾಜೆಕ್ಟ್ ಹುಡುಕುತ್ತಿರುವ ಏಳನೇ ಸೆಮಿಸ್ಟರಿನವರು ಕಿವಿ ನಿಮಿರಿಸಬಹುದು.

ಕಲ್ಲಿನ ಕತೆ ಇದಾದರೆ, ಹಾಡಿನ ಕತೆ ಇನ್ನೂ ಕಷ್ಟ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಾವಿರಾರು ಪದ ಮಾತ್ರ ಬಾಯಲ್ಲಿದ್ದವು. ಕಾಡುಗೊಲ್ಲರ ದೇವರು, ವೀರರು, ಮದುವೆ, ಮಗು, ಸಾವು ಎಲ್ಲಕ್ಕೂ ಅಜ್ಜಿಯ ಹತ್ತಿರ ಹಾಡಿತ್ತು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಸಂಗ್ರಹಿಸಿ 'ಸಾವಿರದ ಸಿರಿ ಬೆಳಗು' ಎಂಬ ಪುಸ್ತಕ ಮಾಡಿದರು. 2009ರಲ್ಲಿ ಅಜ್ಜಿ ತೀರಿಕೊಂಡರು. ಆ ಪುಸ್ತಕದ ದೊಡ್ಡತನ ಹಾಡುಗಳ ಸಂಖ್ಯೆಯಲ್ಲಿಲ್ಲ ಅನ್ನೋದು ನಮ್ಮ ಅಭಿಪ್ರಾಯ. 'ಒಂದು ಜಾನಪದ ಗೀತೆ' ಎಂಬ ಅನಾಮಧೇಯ ತಲೆಬರಹದ ಕೆಳಗೆ ಕರಗಿಹೋಗಬಹುದಾಗಿದ್ದ ಹಾಡು ಅಲ್ಲಿ ಸಿರಿಯಜ್ಜಿ ಎಂಬ ಒಬ್ಬ ಕಲಾವಿದೆಯದಾಗಿ ಉಳಿಯಿತು. ಪಠ್ಯಪುಸ್ತಕಗಳಲ್ಲಿ 'ಜನಪದ' ಎಂದಷ್ಟೇ ಅಚ್ಚಾದ ಪದ್ಯಗಳನ್ನು ನೆನಪಿಸಿಕೊಳ್ಳಿ. ಅವನ್ನೂ ಯಾರೋ ಒಬ್ಬರು ಎಲ್ಲೋ ಕೂತು ಹಾಡಿರಲೇಬೇಕಲ್ಲ?

ಇನ್ನು ಸೀರೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರಿಂದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ನೇಯ್ದವರ ಹೆಸರಿಗೆ? ಸೀರೆಯ ಮೇಲೆ ಅದು ಎಲ್ಲೂ ಇರುವುದಿಲ್ಲ. ಅಂಚಿನ ಹೂವು, ಹಣ್ಣು, ಪ್ರಾಣಿಗಳ ವಿನ್ಯಾಸ ಮೊದಲು ಯಾರ ತಲೆಗೆ ಹೊಳೆಯಿತೋ, ಅದರ ದಾಖಲೆಯೂ ಇಲ್ಲ. ಜಕಾರ್ಡ್ ಬಳಸುವ ಮಗ್ಗದಲ್ಲಿ ವಿನ್ಯಾಸ ಕೂತಿರುವುದು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ. ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು, ಸೊನ್ನೆ. ಕಂಪ್ಯೂಟರಿನ ಪಂಚ್ ಕಾರ್ಡಿನ ಅಜ್ಜ ಇದೇ ಅಂತ ಮೊದಲ ಸೆಮಿಸ್ಟರಿನಲ್ಲಿ ಕೇಳಿದ್ದೇವೆ. ಆದರೆ ಹಳೆಯ ಕಾರ್ಡು ಸವೆದು, ಹೊಸ ವಿನ್ಯಾಸ ಬಂದಾಗ ಅದರ ಗತಿ ಏನು? ಮೂಲೆ, ಆಮೇಲೆ ಒಲೆ. ಒಂದು ಸೋರ್ಸ್ ಕೋಡು ಬ್ಯಾಕಪ್ ಇಲ್ಲದೆ ಬೂದಿಯಾದ ಹಾಗೆ. ಕಾರ್ಡಿನ ಒಂದು ಸೆಟ್ಟು, ಆ ವಿನ್ಯಾಸ ನೇಯ್ದ ಗೇಣುದ್ದದ ಬಟ್ಟೆ, ಬಣ್ಣದ ಪಟ್ಟಿ ಮತ್ತು ಅಳತೆಗೋಲು ಪಕ್ಕದಲ್ಲಿಟ್ಟು ತೆಗೆದ ಫೋಟೊ, ಇಂಚಿಗೆ ಎಷ್ಟು ಎಳೆ ಎಂಬ ಲೆಕ್ಕ, ನೇಯ್ದವರ ಹೆಸರು. ಇಷ್ಟು ಒಂದು ಫೈಲಿನಲ್ಲಿದ್ದರೆ ಅದು ಕಲಾ ಗ್ರಂಥಾಲಯದ ಪಕ್ಕಾ ಸಂಗ್ರಹ. ಬಣ್ಣದ ಪಟ್ಟಿ ಯಾಕೆ ಅಂದ್ರೆ, ಮೊಬೈಲಿನ ಫೋಟೊದಲ್ಲಿ ಮೆರೂನು ಕೆಂಪಾಗುತ್ತದೆ, ಕೆಂಪು ಕಿತ್ತಳೆಯಾಗುತ್ತದೆ.

ಸಂಗ್ರಹಿಸಿ ಬೀಗ ಹಾಕಿದರೆ ಜನರಿಗೇನು ಬಂತು? ಬೇರೆ ಕಡೆ ಇದಕ್ಕೆ ಬಗೆಬಗೆಯ ಉಪಾಯ ಮಾಡಿದ್ದಾರೆ. ಜರ್ಮನಿಯ ಆರ್ಟೋಥೆಕ್‌ಗಳಲ್ಲಿ ಪುಸ್ತಕದ ಹಾಗೆ ಚಿತ್ರವನ್ನೇ ಎರವಲು ಪಡೆದು ಕೆಲವು ತಿಂಗಳು ಮನೆ ಗೋಡೆಗೆ ಹಾಕಿಕೊಳ್ಳಬಹುದು. ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ 2000ದಿಂದಲೂ ಏಷ್ಯಾದ ಕಲಾವಿದರ ಕಾಗದಪತ್ರ ಕೂಡಿಡುತ್ತಾ, ಸಾಧ್ಯವಾದಷ್ಟನ್ನು ಆನ್‌ಲೈನಿನಲ್ಲಿ ತೆರೆದಿಡುತ್ತಿದೆ. ನಮ್ಮಲ್ಲಿ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರೂ ಜನರೂ ಮುಖಾಮುಖಿ ಆಗುತ್ತಾರೆ. ಅದು ಚಂದ, ಆದರೆ ಒಂದು ದಿನದ ಸಂತೆ. ಮಿಕ್ಕ 364 ದಿನ ಆ ಕಲಾವಿದರನ್ನು ಹುಡುಕುವ ದಾರಿ ಬೇಕಲ್ಲ, ಅದು ಗ್ರಂಥಾಲಯದ ಕೆಲಸ.

ಮತ್ತು ಕಟ್ಟಡ ಈಗಾಗಲೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಜೊತೆಗೆ ನಮ್ಮ ಮನೆಯವರು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಮನೆಯ ರಸೀತಿ ತೆಗೆದು ನೋಡಿ. ಹಳ್ಳಿಗಳ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಒಂದೇ ಒಂದು ಕಪಾಟು, ಆ ಪಂಚಾಯಿತಿಯ ನೇಕಾರರು, ಕಂಬಳಿ ನೇಯುವವರು, ಹಾಡುವವರ ಫೈಲುಗಳಿಗೆ ಮೀಸಲಾದರೆ ಸಾಕು. ಚಳ್ಳಕೆರೆ ಅಂದ್ರೆ ಈಗ ನಮಗೆ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸು, ಡಿಆರ್‌ಡಿಒ, ಇಸ್ರೊ. ಇಂಟರ್ನ್‌ಶಿಪ್ಪಿಗೆ ಹೋದವರು ದಾರಿಯಲ್ಲಿ ಸಿಗುವ ಹಟ್ಟಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ, ಅಷ್ಟೆ.

ಫೋಟೊ ತೆಗೆದು ಡ್ರೈವಿಗೆ ಹಾಕಿದರೆ ಆಯ್ತು ಅನ್ನುವುದು ನಮ್ಮ ಮಂದಿಯ ಮೊದಲ ಉತ್ತರ. ಆಗಲ್ಲ. 'ಐಎಂಜಿ 4471' ಎಂಬ ಹೆಸರಿನ ಫೋಟೊ ಹತ್ತು ವರ್ಷದ ನಂತರ ಯಾರಿಗೂ ಏನನ್ನೂ ಹೇಳುವುದಿಲ್ಲ. ಇದಕ್ಕಾಗಿ 'ಡಬ್ಲಿನ್ ಕೋರ್' ಎಂಬ 15 ಕಾಲಂಗಳ ಒಂದು ಸರಳ ಪಟ್ಟಿ 1995ರಿಂದ ಬೆಳೆದು ಬಂದಿದೆ: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕು ಹೀಗೆ. (ಡಬ್ಲಿನ್ ಅಂದರೆ ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೊದ ಒಂದು ಊರು.) ಗೂಗಲ್ ಶೀಟಿನಲ್ಲೇ ಶುರುಮಾಡಬಹುದು. ಕಷ್ಟ ಇರುವುದು ಕೊನೆಯ ಕಾಲಮ್ಮಿನಲ್ಲಿ, ಹಕ್ಕಿನಲ್ಲಿ. ಜನಪದ ಹಾಡಿಗೆ ಕರ್ತೃ ಇಲ್ಲದಿರಬಹುದು, ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಕಾನೂನಿನಲ್ಲಿ 50 ವರ್ಷ ಹಕ್ಕಿದೆ. ಕೇಳದೆ ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡುವ ಹಾಗಿಲ್ಲ. ಮದುವೆ ಹಾಡನ್ನು ಕೇಳಿಸಿ, ಸಾವಿನ ಹಾಡನ್ನು ಮಾತ್ರ ಹಟ್ಟಿಯ ಹೊರಗೆ ಕೇಳಿಸಬೇಡಿ ಅಂತ ಯಾರಾದರೂ ಅಂದರೆ, ಆ ಮಾತೂ ಕಾರ್ಡಿನಲ್ಲಿ ಸೇರಬೇಕು, ಪಾಲನೆಯೂ ಆಗಬೇಕು.

ಸೀರೆಯ ವಿಷಯದಲ್ಲಿ ಇದು ಇನ್ನೂ ಬಿಕ್ಕಟ್ಟಿನದು. ರೇಷ್ಮೆ ಕೈಮಗ್ಗದ ಊರುಗಳಲ್ಲಿ ಎಷ್ಟೋ ನೇಕಾರರು ಮಾಲೀಕರಿಂದ ನೂಲು ಪಡೆದು, ಕೂಲಿಗೆ ನೇಯ್ದು, ಸೀರೆಯನ್ನು ಅವರಿಗೇ ಒಪ್ಪಿಸುತ್ತಾರೆ. ಫೈಲಿನಲ್ಲಿ ನೇಕಾರರ ಹೆಸರು, ಫೋನ್ ನಂಬರ್ ಬಂದರೆ ಗಿರಾಕಿ ನೇರ ಅವರನ್ನೇ ಹುಡುಕಿಕೊಂಡು ಬರಬಹುದು. ಕಲಾವಿದರನ್ನೂ ಜನರನ್ನೂ ಬೆಸೆಯುವುದು ಅಂದರೆ ಅದೇ ತಾನೇ? ಆದರೆ ನೂಲು ಕೊಡುವ ಮಾಲೀಕ ಮುನಿಸಿಕೊಂಡು ಮುಂದಿನ ಪಾವು ಕೊಡದಿದ್ದರೆ, ಆ ತಿಂಗಳ ಮನೆ ನಡೆಸುವುದು ನಾವಲ್ಲ. ವಿನ್ಯಾಸದ ಸ್ಪಷ್ಟ ಫೋಟೊ ಎಲ್ಲರಿಗೂ ತೆರೆದರೆ, ಪವರ್‌ಲೂಮಿನವರು ವಾರದೊಳಗೆ ಅದನ್ನೇ ಅಗ್ಗದ ನೂಲಿನಲ್ಲಿ ಇಳಿಸಬಹುದು. ಅದಕ್ಕೇ ಒಳ್ಳೆಯ ಸಂಗ್ರಹಗಳಲ್ಲಿ ಮೆಟ್ಟಿಲುಗಳಿರುತ್ತವೆ. ಹೆಸರು ಎಲ್ಲರಿಗೂ, ದೊಡ್ಡ ಫೋಟೊ ಓದುವ ಕೋಣೆಗೆ ಬಂದವರಿಗೆ, ಕಾರ್ಡಿನ ಸೆಟ್ಟು ಮತ್ತು ಫೋನ್ ನಂಬರ್ ನೇಕಾರರು ಒಪ್ಪಿದರೆ ಮಾತ್ರ. ಯಾವ ಮೆಟ್ಟಿಲಲ್ಲಿ ಯಾವುದು ಅನ್ನೋದನ್ನ ತೀರ್ಮಾನಿಸಬೇಕಾದವರು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತವರು. ನಮ್ಮ ಸಂಘದಿಂದ ಯಾರಾದರೂ ಹೊರಡುವುದಾದರೆ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಮೊದಲ ಸಲ ಈ ಪ್ರಶ್ನೆಯನ್ನಷ್ಟೇ ಕೇಳಿ ಬನ್ನಿ.