ಅಟ್ಟದಿಂದಿಳಿದ ಹೊಲಿಗೆಯ ಯಂತ್ರ

ಹರಪನಹಳ್ಳಿಯ ದೊಡ್ಡಮ್ಮನ ಮನೆಯನ್ನು ಕೆಡವುವ ಹಿಂದಿನ ದಿನ, ಅಟ್ಟದ ಸಾಮಾನುಗಳೆಲ್ಲ ಅಂಗಳಕ್ಕಿಳಿದು ಗುಜರಿಯವನ ತಕ್ಕಡಿಯನ್ನು ಕಾಯುತ್ತಿದ್ದವು. ಅವುಗಳ ನಡುವೆ ಕೈಯಿಂದ ತಿರುಗಿಸುವ ಹೊಲಿಗೆಯ ಯಂತ್ರವೊಂದಿತ್ತು. ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡ ದೊಡ್ಡಮ್ಮ ಅದರ ಮೇಲೆ ಊರವರ ರವಿಕೆ, ಲಂಗಗಳನ್ನು ಹೊಲಿದು ಮೂವರು ಮಕ್ಕಳನ್ನು ಓದಿಸಿದವಳು. ಅದು ಕಬ್ಬಿಣದ ತೂಕಕ್ಕೆ ಹೋಗುವುದೆಂದು ತಿಳಿದೂ ಆಕೆ ಬೇಡವೆನ್ನಲಿಲ್ಲ. ಸೆರಗಿನಿಂದ ಧೂಳನ್ನಷ್ಟೇ ಒರೆಸಿದಳು. ನಾನು ಅದನ್ನು ಹೊತ್ತು ಕೊಟ್ಟೂರಿನ ಬಸ್ಸು ಹತ್ತಿದೆ.

ಯಂತ್ರದ ಮೇಲೆ ಸಿಂಗರ್ ಎಂಬ ಹೆಸರೂ ಹೊಂಬಣ್ಣದ ಸ್ಫಿಂಕ್ಸ್ ಚಿತ್ರವೂ ಇದ್ದವು. ಇಂಥ ಯಂತ್ರದ ಜಾತಕವೆಲ್ಲ ಅದರ ಮೈಮೇಲೆ ಒತ್ತಿದ ಸಂಖ್ಯೆಯಲ್ಲಿದೆ. ನಮ್ಮದರ ಮೊದಲ ಅಕ್ಷರ ವೈ. ಎಂದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1980ರಲ್ಲಿಯೇ ಬಾಗಿಲು ಹಾಕಿತು.

ಚಕ್ರ ಕದಲಲೊಲ್ಲದು. ಇಂಥಲ್ಲಿ ಬಲಪ್ರಯೋಗ ಮಾಡುವವರೇ ಹೆಚ್ಚು. ಯಂತ್ರ ಕೆಡುವುದೂ ಆಗಲೇ. ಅದು ತುಕ್ಕಿಗಿಂತ ಹೆಚ್ಚಾಗಿ, ವರ್ಷಗಟ್ಟಲೆ ನಿಂತು ಅಂಟಾದ ಹಳೆಯ ಎಣ್ಣೆಯಿಂದ ಬಿಗಿದಿರುತ್ತದೆ. ಎಣ್ಣೆಯ ರಂಧ್ರಗಳಿಗೆಲ್ಲ ಸೀಮೆಎಣ್ಣೆಯ ಹನಿ ಬಿಟ್ಟು ರಾತ್ರಿಯಿಡೀ ಸುಮ್ಮನಿದ್ದೆ. ಮೂರನೆಯ ದಿನ ಚಕ್ರ ಕೂದಲೆಳೆಯಷ್ಟು ಸರಿಯಿತು, ಸಂಜೆಗೆ ಪೂರ್ತಿ ತಿರುಗಿತು. ಬಳಿಕ ಸೀಮೆಎಣ್ಣೆಯನ್ನು ಒರೆಸಿ ತೆಗೆದು ಯಂತ್ರದ ಎಣ್ಣೆಯನ್ನು ಹಾಕಬೇಕು. ಹೊಂಬಣ್ಣದ ಚಿತ್ರಗಳಿಗೆ ಮಾತ್ರ ಸ್ಪಿರಿಟ್ ಸೋಕಿಸಬಾರದು. ಮೇಲಿನ ವಾರ್ನಿಷ್ ಕರಗಿ ಚಿತ್ರವೇ ಅಳಿದೀತು. ಹೊಳಪಿನ ಆಸೆಯಿಂದ ಎಷ್ಟು ಯಂತ್ರಗಳು ಬೋಳಾಗಿವೆಯೋ!

ಆದರೆ ಹೊಲಿಗೆ ಬೀಳಲಿಲ್ಲ. ಕೆಳದಾರವನ್ನು ಒಯ್ಯುವ, ದೋಣಿಯಾಕಾರದ ಲಾಳಿಯೇ ಇರಲಿಲ್ಲ. ಹಿಂದೊಮ್ಮೆ ರಿಪೇರಿಗೆ ಬಂದವನೊಬ್ಬ ಅದನ್ನು ಒಯ್ದು ಮರಳಿಸಿರಲಿಲ್ಲವಂತೆ. ಇಂದಿನ ಯಂತ್ರಗಳ ದುಂಡು ಬಾಬಿನ್ ಇದಕ್ಕೆ ಒಗ್ಗದು. ಸರಿ, ಭಾನುವಾರಗಳ ಬೇಟೆ ಮೊದಲಾಯಿತು. ಹಗರಿಬೊಮ್ಮನಹಳ್ಳಿಯ ದರ್ಜಿಗಳು ನಕ್ಕರು. ಕೂಡ್ಲಿಗಿಯಲ್ಲಿಯೂ ಸಿಗಲಿಲ್ಲ. ಅಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕದೆದುರು ಕುಳಿತಾಗ ನೆನಪಾಯಿತು: ಯಂತ್ರಗಳ ವಿಚಾರದಲ್ಲಿ ಅಷ್ಟು ಕಟುವಾಗಿದ್ದ ಅವರು, 1924ರಲ್ಲಿ ಹೊಲಿಗೆಯ ಯಂತ್ರಕ್ಕೆ ವಿನಾಯಿತಿಯಿತ್ತಿದ್ದರು. ಹೆಂಡತಿಯ ಶ್ರಮವನ್ನು ಕಾಣಲಾರದೆ ಸಿಂಗರ್ ಅದನ್ನು ರಚಿಸಿದನೆಂಬುದು ಅವರ ನಂಬಿಕೆ. ಚರಿತ್ರೆ ಅಷ್ಟು ಮಧುರವಲ್ಲ. ಎಲಿಯಾಸ್ ಹೋವ್ 1846ರಲ್ಲಿಯೇ ಪೇಟೆಂಟ್ ಪಡೆದಿದ್ದ, ಸಿಂಗರ್ 1851ರಲ್ಲಿ. ಆದರೂ ದೊಡ್ಡಮ್ಮನನ್ನು ಬಲ್ಲ ನನಗೆ ಮಹಾತ್ಮರ ಕಥೆಯೇ ಹಿತವೆನಿಸಿತು.

ಕೊನೆಗೆ ಹಡಗಲಿಯಲ್ಲಿ ವೃದ್ಧ ದರ್ಜಿಯೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ನೆಲಕ್ಕೆ ಸುರಿದರು. ಸೂಜಿ, ತಿರುಪು, ಗುಂಡಿಗಳ ರಾಶಿಯಲ್ಲಿ ಲಾಳಿಯೊಂದಿತ್ತು! ಅದರ ದಾರವನ್ನು ಹಿಡಿದು ತೂಗಾಡಿಸಿ, ತುಸುವೇ ಜಗ್ಗಿ, ಲಾಳಿ ಬೆರಳಷ್ಟು ಇಳಿದು ನಿಂತಾಗ, ‘ಬಿಗಿ ಸರಿ ಐತಿ, ಒಯ್ಯಿರಿ ಮೇಷ್ಟ್ರೇ’ ಎಂದರು. ಹಣವನ್ನು ಮುಟ್ಟಲಿಲ್ಲ.

ದೊಡ್ಡಮ್ಮ ಈಗ ಮಗನ ಹೊಸ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ. ಯಂತ್ರವನ್ನು ಮುಂದಿಟ್ಟು ಹಳೆಯ ಪಂಚೆಯ ತುಂಡೊಂದನ್ನು ಹೊಲಿಯತೊಡಗಿದೆ. ಕಿವಿಗೊಟ್ಟು ಕೇಳಿದವಳು ನನ್ನ ಕೈಯನ್ನು ಸರಿಸಿದಳು.

‘ಮ್ಯಾಲಿನ ದಾರ ಬಿಗಿ ಆಗೇತಿ ತಮ್ಮಾ, ಸಪ್ಪಳದಾಗ ತಿಳೀತದ. ಸರಿ ಅತ್ಲಾಗ.’

ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ತಾನೇ ಹಿಡಿಯನ್ನು ತಿರುಗಿಸಿದಳು. ಪಂಚೆಯ ತುಂಡು ಮುಗಿದಾಗ, ಬೇರೆ ಬಟ್ಟೆ ತರುವಂತೆ ಸೊಸೆಯನ್ನು ಕೂಗಿದಳು.